ಸೆಕ್ಷನಲ್ ಸ್ಕೇಟಿಂಗ್ ನೋಡಲು ಹೊರಟವರಿಗೆ

ಫಿಗರ್ ಸ್ಕೇಟಿಂಗ್ ನಮ್ಮಲ್ಲಿ ಹೆಚ್ಚಿನವರಿಗೆ ನಾಲ್ಕು ವರ್ಷಕ್ಕೊಮ್ಮೆ, ಚಳಿಗಾಲದ ಒಲಿಂಪಿಕ್ಸ್ ಹೊತ್ತಿಗೆ ಟೀವಿಯಲ್ಲಿ ಕಾಣುವ ಆಟ. ಹೊಳೆಯುವ ಉಡುಪು, ಸಂಗೀತ, ಗಿರ್ರನೆ ತಿರುಗುವ ಮೈ, ಕೊನೆಗೆ ಪರದೆಯ ಮೇಲೊಂದು ಅಂಕ. ಆ ಅಂಕ ಎಲ್ಲಿಂದ ಬಂತು, ಬಿದ್ದವಳು ಬೀಳದವಳಿಗಿಂತ ಮುಂದೆ ಹೋದದ್ದು ಹೇಗೆ ಎಂದು ಯೋಚಿಸುವಷ್ಟರಲ್ಲಿ ಮುಂದಿನ ಸ್ಪರ್ಧಿ ಬಂದಿರುತ್ತಾಳೆ. ಟೀವಿಯ ಕ್ಯಾಮೆರಾ ಮುಖವನ್ನು ತೋರಿಸುತ್ತದೆ. ಈ ಆಟ ನಡೆಯುವುದು ಪಾದದ ಕೆಳಗೆ. ಅದನ್ನು ಹತ್ತಿರದಿಂದ ನೋಡಿ ಕಲಿಯಲು ಅಮೆರಿಕದಲ್ಲಿರುವವರಿಗೆ ಒಳ್ಳೆಯ ದಾರಿಯೊಂದಿದೆ: ವರ್ಷವರ್ಷ ನವೆಂಬರ್ ಸುಮಾರಿಗೆ ನಡೆಯುವ ಸೆಕ್ಷನಲ್ ಸ್ಪರ್ಧೆಗೆ ಹೋಗುವುದು.

ಅಲ್ಲಿನ ಮಕ್ಕಳಲ್ಲಿ ಸ್ಕೇಟಿಂಗ್ ಕಲಿಯುವ ಕನ್ನಡದ ಮನೆಗಳ ಮಕ್ಕಳೂ ಇದ್ದಾರೆ. ಮೊಮ್ಮಗಳ ಸ್ಪರ್ಧೆ ನೋಡಲು ಬೆಂಗಳೂರಿನಿಂದಲೋ ಶಿವಮೊಗ್ಗದಿಂದಲೋ ಹೋದ ಅಜ್ಜ ಅಜ್ಜಿಯರು, ಗೆಳೆಯರ ಮಗುವಿಗೆ ಚಪ್ಪಾಳೆ ತಟ್ಟಲು ಹೋದವರು, ಯಾರ ಪರಿಚಯವೂ ಇಲ್ಲದೆ ಆಟದ ಮೇಲಿನ ಆಸಕ್ತಿಗೆ ಹೋಗಬಯಸುವವರು, ಎಲ್ಲರಿಗೂ ಉಪಯೋಗಕ್ಕೆ ಬರಲಿ ಎಂದು ಈ ಬರಹ.

ಮೊದಲು ಈ ಸ್ಪರ್ಧೆ ಎಲ್ಲಿ ನಿಲ್ಲುತ್ತದೆ ಎಂಬುದು ಗೊತ್ತಿರಲಿ. 1921ರಲ್ಲಿ ಹುಟ್ಟಿದ ಯು.ಎಸ್. ಫಿಗರ್ ಸ್ಕೇಟಿಂಗ್ ಸಂಸ್ಥೆ ದೇಶವನ್ನು ಮೂರು ಸೆಕ್ಷನ್‌ಗಳಾಗಿ ವಿಂಗಡಿಸಿದೆ: ಈಸ್ಟರ್ನ್, ಮಿಡ್‌ವೆಸ್ಟರ್ನ್, ಪೆಸಿಫಿಕ್ ಕೋಸ್ಟ್. ಕ್ಯಾಲಿಫೋರ್ನಿಯಾ, ಆರಿಗನ್, ವಾಷಿಂಗ್ಟನ್ ಪೆಸಿಫಿಕ್ ಕೋಸ್ಟ್‌ಗೆ ಸೇರುತ್ತವೆ. ನ್ಯೂಜೆರ್ಸಿ, ಮ್ಯಾಸಚೂಸೆಟ್ಸ್ ಕಡೆಯವರು ಈಸ್ಟರ್ನ್. ಟೆಕ್ಸಾಸ್ ಮಾತ್ರ ಹೊಸಬರನ್ನು ಗೊಂದಲಕ್ಕೆ ಕೆಡವುತ್ತದೆ. ಡಲ್ಲಾಸ್, ಹ್ಯೂಸ್ಟನ್‌ಗಳ ಮಕ್ಕಳು ಷಿಕಾಗೊ, ಡೆಟ್ರಾಯಿಟ್ ಮಕ್ಕಳ ಜೊತೆ ಮಿಡ್‌ವೆಸ್ಟರ್ನ್‌ನಲ್ಲಿ ಸ್ಪರ್ಧಿಸುತ್ತಾರೆ. ಸೆಕ್ಷನಲ್‌ನಲ್ಲಿ ಮುಂದೆ ಬಂದವರಿಗೆ ಜನವರಿಯ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗೆ ದಾರಿ ತೆರೆಯುತ್ತದೆ. ಬಹುಕಾಲ ಪ್ರತಿ ವಿಭಾಗದ ಮೊದಲ ನಾಲ್ವರು ನೇರವಾಗಿ ಮುಂದೆ ಹೋಗುತ್ತಿದ್ದರು. ಐದನೆಯವರು ಮನೆಗೆ. ಈಚಿನ ವರ್ಷಗಳಲ್ಲಿ ಬೇಸಿಗೆಯ ಅರ್ಹತಾ ಸರಣಿಯ ಅಂಕಗಳೂ ಲೆಕ್ಕಕ್ಕೆ ಸೇರಿವೆ, ಅರ್ಹತೆಯ ಕ್ರಮ ಹಲವು ಸಲ ಬದಲಾಗಿದೆ. ಆದ್ದರಿಂದ ಹಳಬರು ಹೇಳಿದ್ದನ್ನು ನಂಬಿಕೊಂಡು ಕೂರಬೇಡಿ, ಆಯಾ ವರ್ಷದ ಅಧಿಕೃತ ಪ್ರಕಟಣೆಯನ್ನೇ ಓದಿ.

ಪೆಸಿಫಿಕ್ ಕೋಸ್ಟ್ ಸೆಕ್ಷನ್ ಬಗ್ಗೆ, ಅದರಲ್ಲೂ ಸ್ಯಾನ್ ಫ್ರಾನ್ಸಿಸ್ಕೊ ಬೇ ಏರಿಯಾ ಬಗ್ಗೆ ನನಗೆ ಹೆಚ್ಚು ಪ್ರೀತಿ. ಕನ್ನಡಿಗರು ಮನೆ ಮಾಡಿಕೊಂಡ ಊರುಗಳೇ ಈ ಆಟದ ಚರಿತ್ರೆಯಲ್ಲೂ ಬರುತ್ತವೆ. 1992ರಲ್ಲಿ ಒಲಿಂಪಿಕ್ಸ್ ಚಿನ್ನ ಗೆದ್ದ ಕ್ರಿಸ್ಟಿ ಯಾಮಾಗುಚಿ ಬೆಳೆದದ್ದು ಫ್ರೀಮಾಂಟ್‌ನಲ್ಲಿ. 2017ರ ರಾಷ್ಟ್ರೀಯ ಚಾಂಪಿಯನ್ ಕ್ಯಾರೆನ್ ಚೆನ್ ಕೂಡ ಅದೇ ಊರಿನವರು. 1988ರ ಚಿನ್ನದ ಬ್ರಯಾನ್ ಬೊಯ್ಟಾನೊ ಸನಿವೇಲ್‌ನ ಹುಡುಗ. 1968ರಲ್ಲಿ ಚಿನ್ನ ಗೆದ್ದ ಪೆಗಿ ಫ್ಲೆಮಿಂಗ್ ಹುಟ್ಟಿದ್ದು ಸ್ಯಾನ್ ಹೊಸೆಯಲ್ಲಿ. ಅದೇ ಸ್ಯಾನ್ ಹೊಸೆಯ ರೂಡಿ ಗಲಿಂಡೊ, ಒಂದು ಕಾಲಕ್ಕೆ ಯಾಮಾಗುಚಿಯ ಜೋಡಿ ಸ್ಪರ್ಧಿಯಾಗಿದ್ದವರು, 1996ರಲ್ಲಿ ತಮ್ಮ ಊರಿನಲ್ಲೇ ನಡೆದ ರಾಷ್ಟ್ರೀಯ ಸ್ಪರ್ಧೆಯಲ್ಲಿ ಯಾರೂ ನಿರೀಕ್ಷಿಸದ ಹೊತ್ತಿನಲ್ಲಿ ಗೆದ್ದರು. ಇಂಥ ಊರಿನ ಸಾಮಾನ್ಯ ರಿಂಕ್‌ನಲ್ಲಿ ಬೆಳಗಿನ ಜಾವ ಅಭ್ಯಾಸಕ್ಕೆ ಬರುವ ಮಕ್ಕಳನ್ನು ನೋಡುವಾಗ, ಇವರಲ್ಲಿ ಯಾರೋ ಒಬ್ಬರ ಹೆಸರು ಮುಂದೆ ಜಗತ್ತಿಗೆ ಗೊತ್ತಾದೀತು ಎಂಬ ಊಹೆಗೆ ಆಧಾರವಿದೆ.

ಜೂನಿಯರ್ ಎಂದರೆ ಚಿಕ್ಕವರಲ್ಲ

ವೇಳಾಪಟ್ಟಿ ಕೈಗೆ ಬಂದಾಗ ಮೊದಲು ಎದುರಾಗುವ ಒಗಟು ವಿಭಾಗಗಳದ್ದು. ಜುವೆನೈಲ್, ಇಂಟರ್‌ಮೀಡಿಯೆಟ್, ನೊವಿಸ್, ಜೂನಿಯರ್, ಸೀನಿಯರ್. ಶಾಲೆಯ ಕ್ರೀಡಾಕೂಟದ ಅಭ್ಯಾಸದಿಂದ ನಾವು ಇದನ್ನು ವಯಸ್ಸಿನ ವಿಂಗಡಣೆ ಎಂದುಕೊಳ್ಳುತ್ತೇವೆ. ಅಮೆರಿಕದ ಒಳಗಿನ ಸ್ಪರ್ಧೆಗಳಲ್ಲಿ ಜೂನಿಯರ್, ಸೀನಿಯರ್ ಎನ್ನುವುದು ಪಾಸು ಮಾಡಿದ ಪರೀಕ್ಷೆಯ ಮಟ್ಟ. ತೀರ್ಪುಗಾರರ ಎದುರು ಸ್ಕೇಟಿಂಗ್ ಕೌಶಲದ ಪರೀಕ್ಷೆ, ಜಿಗಿತ ಮತ್ತು ಸ್ಪಿನ್‌ಗಳ ಪರೀಕ್ಷೆ ಎರಡನ್ನೂ ಮೆಟ್ಟಿಲು ಮೆಟ್ಟಿಲಾಗಿ ಮುಗಿಸಬೇಕು. ಹೆಚ್ಚುಕಡಿಮೆ ನಮ್ಮ ಸಂಗೀತದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳ ಹಾಗೆ. ಹೀಗಾಗಿ ಜೂನಿಯರ್ ವಿಭಾಗದ ಒಂದೇ ಗುಂಪಿನಲ್ಲಿ ಹನ್ನೆರಡರ ಪೋರಿಯೂ ಕಾಲೇಜು ಸೇರಲು ಹೊರಟ ಹುಡುಗಿಯೂ ಇರಬಹುದು.

ಅಂತರರಾಷ್ಟ್ರೀಯ ಸ್ಕೇಟಿಂಗ್ ಒಕ್ಕೂಟದ ನಿಯಮ ಬೇರೆ. ಅಲ್ಲಿ ವಯಸ್ಸೇ ಅಳತೆ. ಒಂಟಿ ಸ್ಪರ್ಧೆಯ ಜೂನಿಯರ್‌ಗಳಿಗೆ ಜುಲೈ 1ರ ಹೊತ್ತಿಗೆ 13 ತುಂಬಿರಬೇಕು, 19 ತುಂಬಿರಬಾರದು. ಸೀನಿಯರ್‌ಗೆ ಬಹುಕಾಲ 15 ಸಾಕಿತ್ತು. ಬೆಳೆಯುವ ಮೈಮೇಲೆ ಬೀಳುವ ಒತ್ತಡದ ಬಗ್ಗೆ ಚರ್ಚೆ ನಡೆದು ಆ ಮಿತಿಯನ್ನು ಹಂತಹಂತವಾಗಿ ಏರಿಸಿದರು, 2024–25ರ ಋತುವಿನಿಂದ 17 ಆಯಿತು. ಈ ಬದಲಾವಣೆ ಬಹಳ ಮೊದಲೇ ಆಗಬೇಕಿತ್ತು ಎಂದೇ ನನ್ನ ಅಭಿಪ್ರಾಯ.

ಎರಡು ನಿಯಮಗಳ ನಡುವಿನ ಅಂತರ ಅಲಿಸಾ ಲಿಯು ಉದಾಹರಣೆಯಲ್ಲಿ ಚೆನ್ನಾಗಿ ಕಾಣುತ್ತದೆ. ಓಕ್ಲೆಂಡ್‌ನ ರಿಂಕ್‌ನಲ್ಲಿ ಬೆಳೆದ ಈಕೆ 2018ರಲ್ಲಿ ಅಮೆರಿಕದ ಜೂನಿಯರ್ ಚಾಂಪಿಯನ್ ಆದಾಗ ವಯಸ್ಸು 12. ಮರುವರ್ಷ 13ಕ್ಕೇ ಸೀನಿಯರ್ ರಾಷ್ಟ್ರೀಯ ಪ್ರಶಸ್ತಿ, ಅಷ್ಟು ಚಿಕ್ಕ ವಯಸ್ಸಿಗೆ ಅದನ್ನು ಗೆದ್ದವರು ಬೇರೆ ಇರಲಿಲ್ಲ. ಆದರೆ ಸೀನಿಯರ್ ವಿಶ್ವ ಚಾಂಪಿಯನ್‌ಷಿಪ್‌ಗೆ ಹೋಗಲು ವಯಸ್ಸು ಸಾಲದು! 2022ರಲ್ಲಿ, 16ಕ್ಕೇ ನಿವೃತ್ತಿ ಘೋಷಿಸಿ ಆಟ ಬಿಟ್ಟರು. ಎರಡು ವರ್ಷದ ಮೇಲೆ ತಾವಾಗಿ ಮರಳಿ ಬಂದು 2025ರ ಮಾರ್ಚ್‌ನಲ್ಲಿ ಬಾಸ್ಟನ್‌ನಲ್ಲಿ ವಿಶ್ವ ಚಾಂಪಿಯನ್ ಆದರು. ಹದಿಮೂರರ ಗೆಲುವಿಗಿಂತ ಈ ಮರಳುವಿಕೆಯ ಕತೆಯನ್ನು ಸ್ಕೇಟಿಂಗ್ ಕಲಿಯುವ ಮಕ್ಕಳ ತಂದೆತಾಯಿಯರು ಹೆಚ್ಚು ಗಮನಿಸಬೇಕು.

ರಿಂಕ್‌ಗೆ ಹೋಗುವ ಮುನ್ನ

ಕ್ಯಾಲಿಫೋರ್ನಿಯಾದ ಹೊರಗಿನ ಬಿಸಿಲು ನೋಡಿ ತೆಳು ಅಂಗಿಯಲ್ಲಿ ಹೋದವರು ಅರ್ಧ ಗಂಟೆಯಲ್ಲಿ ಎದ್ದು ಬರುತ್ತಾರೆ. ಸ್ವೆಟರ್, ಅದರ ಮೇಲೊಂದು ಜಾಕೆಟ್, ದಪ್ಪ ಕಾಲುಚೀಲ ಬೇಕು. ಹೆಚ್ಚಿನ ರಿಂಕ್‌ಗಳಲ್ಲಿ ಕೂರಲು ಅಲ್ಯೂಮಿನಿಯಂ ಅಥವಾ ಮರದ ಮೆಟ್ಟಿಲು ಸಾಲುಗಳಿರುತ್ತವೆ, ತಣ್ಣಗೆ ಕೊರೆಯುತ್ತವೆ. ಮಡಿಸಿ ಹಾಕಿಕೊಳ್ಳಲು ಒಂದು ಕಂಬಳಿ ಒಯ್ಯಿರಿ. ಮಂಡಿ ನೋವಿರುವ ಹಿರಿಯರಿದ್ದರೆ ನಡುನಡುವೆ ಅವರನ್ನು ಹೊರಗಿನ ಬೆಚ್ಚಗಿನ ಪಡಸಾಲೆಗೆ ಕರೆದೊಯ್ಯಿರಿ. ಸ್ಪರ್ಧೆ ಬೆಳಗ್ಗೆ ಬೇಗ ಶುರುವಾಗಿ ರಾತ್ರಿಯವರೆಗೂ ನಡೆಯುವುದುಂಟು, ಹಲವು ದಿನ ನಡೆಯುತ್ತದೆ. ಎಲ್ಲವನ್ನೂ ನೋಡುವ ಹಟ ಬೇಡ. ಹೊಸಬರಾದರೆ ಒಂದು ದಿನ ಆರಿಸಿಕೊಳ್ಳಿ, ಆ ದಿನ ಜೂನಿಯರ್ ವಿಭಾಗ ಒಂದು, ಸೀನಿಯರ್ ವಿಭಾಗ ಒಂದು ಇರುವಂತೆ ನೋಡಿಕೊಳ್ಳಿ. ಎರಡರ ನಡುವಿನ ವ್ಯತ್ಯಾಸವೇ ದೊಡ್ಡ ಪಾಠ.

ಎಲ್ಲಿ ಕೂರಬೇಕು? ತೀರ್ಪುಗಾರರ ಮೇಜು ರಿಂಕ್‌ನ ಉದ್ದದ ಬದಿಯೊಂದರಲ್ಲಿ ಇರುತ್ತದೆ. ಸ್ಪರ್ಧಿಗಳ ಮುಖ, ಕೈಗಳ ಅಭಿನಯ ಎಲ್ಲ ಆ ಕಡೆಗೇ ತಿರುಗಿರುತ್ತವೆ, ಆದ್ದರಿಂದ ಅದೇ ಬದಿ ಒಳ್ಳೆಯದು. ಮೇಲಿನ ಸಾಲಿನಲ್ಲಿ ಕೂತರೆ ಸ್ಕೇಟರ್ ಐಸ್ ಮೇಲೆ ಬಿಡಿಸುವ ವಿನ್ಯಾಸ ಪೂರ್ತಿ ಕಾಣುತ್ತದೆ. ಕೆಳಗಿನ ಸಾಲಿನಲ್ಲಿ ವೇಗ ಗೊತ್ತಾಗುತ್ತದೆ, ಸದ್ದು ಕೇಳುತ್ತದೆ. ಒಂದು ಗುಂಪನ್ನು ಮೇಲಿನಿಂದ, ಇನ್ನೊಂದನ್ನು ಕೆಳಗಿನಿಂದ ನೋಡಿ. ಟೀವಿಯಲ್ಲಿ ಈ ವೇಗ ಎಂದೂ ಕಾಣುವುದಿಲ್ಲ. ಎದುರಿನ ತಡೆಗೋಡೆಯ ಕಡೆಗೆ ಹಿಮ್ಮುಖವಾಗಿ ಧಾವಿಸಿ ಬರುವ ಹುಡುಗ ಕೊನೇ ಗಳಿಗೆಯಲ್ಲಿ ಮೇಲಕ್ಕೆ ಹಾರಿದಾಗ ಅಜ್ಜಿಯರು ಕಣ್ಣು ಮುಚ್ಚಿಕೊಳ್ಳುತ್ತಾರೆ.

ಗುಂಪಿನಲ್ಲಿ ಸಾಮಾನ್ಯವಾಗಿ ಆರು ಮಂದಿ ಮೀರುವುದಿಲ್ಲ. ಪ್ರತಿ ಗುಂಪಿಗೂ ಮೊದಲು ವಾರ್ಮ್‌ಅಪ್ ಇರುತ್ತದೆ, ದೊಡ್ಡ ಸ್ಪರ್ಧೆಗಳಲ್ಲಿ ಆರು ನಿಮಿಷ. ಈ ನಿಮಿಷಗಳನ್ನು ಕಾಫಿಗೆ ಎದ್ದು ಹೋಗಿ ಕಳೆದುಕೊಳ್ಳಬೇಡಿ. ಯಾರು ಯಾವ ಜಿಗಿತವನ್ನು ಮತ್ತೆ ಮತ್ತೆ ಪ್ರಯತ್ನಿಸಿ ಬಿಡುತ್ತಿದ್ದಾರೆ, ಯಾರು ತರಬೇತುದಾರರ ಬಳಿ ಪದೇ ಪದೇ ಹೋಗುತ್ತಿದ್ದಾರೆ ಎಂಬುದನ್ನು ಇಲ್ಲಿ ಗಮನಿಸಿದವರಿಗೆ ಮುಂದಿನ ಕಾರ್ಯಕ್ರಮದಲ್ಲಿ ಭಯ ಎಲ್ಲಿ ಇಣುಕುತ್ತದೆ ಎಂದು ಮೊದಲೇ ತಿಳಿಯುತ್ತದೆ. ಕಾಫಿಗೆ ಐಸ್ ಸಮ ಮಾಡುವ ಹೊತ್ತು ಇದೆ. ಆ ಯಂತ್ರದ ಹೆಸರು ಝಾಂಬೋನಿ. ಅದನ್ನು ರೂಪಿಸಿದ ಫ್ರ್ಯಾಂಕ್ ಝಾಂಬೋನಿ ಕೂಡ ಕ್ಯಾಲಿಫೋರ್ನಿಯಾದವರೇ, ಪ್ಯಾರಮೌಂಟ್ ಎಂಬ ಊರಿನಲ್ಲಿ ತಮ್ಮ ರಿಂಕ್‌ಗಾಗಿ 1949ರಲ್ಲಿ ಸಿದ್ಧಪಡಿಸಿದರು. ಅದು ಮೇಲ್ಪದರ ಕೆರೆದು, ತೊಳೆದು, ಬಿಸಿನೀರಿನ ತೆಳು ಹೊದಿಕೆ ಹಾಸುತ್ತಾ ಹೋಗುತ್ತದೆ. ಹೊಸದಾಗಿ ಸಮವಾದ ಐಸ್ ಮೇಲೆ ಮೊದಲು ಬರುವವರಿಗೆ ಹಿಡಿತ ಸ್ವಲ್ಪ ಬೇರೆಯಾಗಿರುತ್ತದೆ, ಕೊನೆಯವರಿಗೆ ಹಳ್ಳ ಗೀರುಗಳ ನಡುವೆ ಜಾಗ ಹುಡುಕುವ ಕೆಲಸ.

ನಡವಳಿಕೆಯ ನಿಯಮಗಳು ಕೆಲವೇ. ಫ್ಲ್ಯಾಶ್ ಹಾಕಿ ಫೋಟೊ ತೆಗೆಯುವಂತಿಲ್ಲ; ಗಾಳಿಯಲ್ಲಿ ತಿರುಗುತ್ತಿರುವ ಮಗುವಿನ ಕಣ್ಣಿಗೆ ಬೆಳಕು ಹೊಡೆದರೆ ಅಪಾಯ. ಕಾರ್ಯಕ್ರಮ ನಡೆಯುವಾಗ ಎದ್ದು ಓಡಾಡಬೇಡಿ. ವೀಡಿಯೊಗೆ ಅನುಮತಿ ಇದೆಯೇ ಎಂದು ಕೇಳಿ, ಬೇರೆಯವರ ಮಕ್ಕಳದ್ದಂತೂ ತೆಗೆಯಲೇಬೇಡಿ. ಐಸ್ ಮೇಲೆ ಏನನ್ನೂ ಎಸೆಯಬೇಡಿ. ಹೂವಿನ ಒಂದು ಎಸಳು ಅಲಗಿಗೆ ಸಿಕ್ಕರೆ ಮುಂದಿನವರು ಬೀಳುತ್ತಾರೆ. ಹೂವನ್ನು ಆಮೇಲೆ ಕೈಗೇ ಕೊಡಿ. ಚಪ್ಪಾಳೆ ಮಾತ್ರ ಧಾರಾಳವಾಗಿರಲಿ: ಒಳ್ಳೆಯ ಜಿಗಿತಕ್ಕೆ, ಚೆಂದದ ಸ್ಪಿನ್‌ಗೆ, ಬಿದ್ದು ಎದ್ದವರಿಗೆ. ಸೆಕ್ಷನಲ್‌ಗಳಲ್ಲಿ ಪ್ರೇಕ್ಷಕರು ಕಡಿಮೆ, ನಿಮ್ಮ ಎರಡು ಕೈಗಳ ಸದ್ದು ನಿಜಕ್ಕೂ ಸ್ಕೇಟರ್‌ಗೆ ಕೇಳಿಸುತ್ತದೆ.

ಪಾದದ ಕೆಳಗೆ ನೋಡಿ

ಹೊಸ ಪ್ರೇಕ್ಷಕರು ಎರಡನ್ನೇ ಎಣಿಸುತ್ತಾರೆ: ಎಷ್ಟು ಸುತ್ತು ತಿರುಗಿದಳು, ಎಷ್ಟು ಸಲ ಬಿದ್ದಳು. ಇವೆರಡನ್ನೂ ಸ್ವಲ್ಪ ಹೊತ್ತು ಮರೆತು ಅಲಗನ್ನು ನೋಡಿ. ಸ್ಕೇಟಿನ ಅಲಗು ಸುಮಾರು ನಾಲ್ಕು ಮಿಲಿಮೀಟರ್ ದಪ್ಪ. ಅದರ ತಳ ಚಪ್ಪಟೆಯಲ್ಲ, ನಡುವೆ ಉದ್ದಕ್ಕೂ ಒಂದು ತಗ್ಗು ಕೊರೆದಿರುತ್ತದೆ. ಹೀಗಾಗಿ ಒಂದು ಅಲಗಿಗೆ ಎರಡು ಅಂಚು, ಒಂದು ಒಳಬದಿಗೆ, ಇನ್ನೊಂದು ಹೊರಬದಿಗೆ. ಸ್ಕೇಟರ್ ಯಾವ ಅಂಚಿನ ಮೇಲೆ ಭಾರ ಹಾಕುತ್ತಾರೋ ಆ ಕಡೆಗೆ ದಾರಿ ಬಾಗುತ್ತದೆ. ಎಡಗಾಲು ಬಲಗಾಲು, ಒಳ ಅಂಚು ಹೊರ ಅಂಚು, ಮುಮ್ಮುಖ ಹಿಮ್ಮುಖ, ಇಷ್ಟರ ಜೋಡಣೆಗಳಿಂದಲೇ ಇಡೀ ಆಟ ಕಟ್ಟಲ್ಪಟ್ಟಿದೆ.

ಒಳ್ಳೆಯ ಸ್ಕೇಟರ್ ಐಸ್‌ಗೆ ಆಳವಾಗಿ ವಾಲುತ್ತಾರೆ. ಪಾದದಿಂದ ತಲೆಯವರೆಗೆ ಮೈ ಒಂದೇ ಓರೆ ಗೆರೆಯಾಗಿ ತಿರುವಿನೊಳಕ್ಕೆ ಬಾಗಿರುತ್ತದೆ, ಮಂಡಿ ಮೆತ್ತಗೆ ಮಡಿಯುತ್ತದೆ, ಎರಡು ಮೂರು ಒದೆತದಲ್ಲೇ ರಿಂಕ್ ದಾಟುತ್ತಾರೆ. ಕಿವಿಗೊಟ್ಟರೆ ಅಲಗಿನ ಸದ್ದೂ ಸಾಕ್ಷಿ ಹೇಳುತ್ತದೆ. ಆಳದ ಅಂಚು ತೀರ ಸಣ್ಣ ಸದ್ದಿನಲ್ಲಿ ಐಸ್ ಸೀಳುತ್ತದೆ. ಕರಕರ ಕೆರೆಯುವ ಸದ್ದು ಬಂದರೆ ಅಂಚು ಸಿಕ್ಕಿಲ್ಲ, ಅಲಗಿನ ಮುಂತುದಿಯ ಹಲ್ಲು ತಾಗುತ್ತಿದೆ ಎಂದು ತಿಳಿಯಿರಿ. ಅಭ್ಯಾಸದ ಒಂದೆರಡು ನಿಮಿಷದಲ್ಲೇ, ಒಂದು ಜಿಗಿತವೂ ಇಲ್ಲದೆ, ಯಾರು ಎಷ್ಟು ಪಳಗಿದವರೆಂದು ಹೀಗೆ ಹೇಳಿಬಿಡಬಹುದು. ಜೂನಿಯರ್‌ಗೂ ಸೀನಿಯರ್‌ಗೂ ಇರುವ ನಿಜವಾದ ಅಂತರ ಇಲ್ಲಿದೆ. ಎಷ್ಟೋ ಜೂನಿಯರ್‌ಗಳು ಸೀನಿಯರ್‌ಗಳಷ್ಟೇ ಕಷ್ಟದ ಜಿಗಿತ ಹಾರುತ್ತಾರೆ, ಎರಡು ಜಿಗಿತಗಳ ನಡುವೆ ಮಾತ್ರ ಮುಂದಿನದಕ್ಕೆ ಸಿದ್ಧವಾಗುತ್ತಾ ಸಾಗುತ್ತಾರೆ. ಪಳಗಿದ ಸೀನಿಯರ್‌ಗೆ ಆ ನಡುವಿನ ಹೊತ್ತೇ ನೃತ್ಯ.

ಜಿಗಿತಗಳು ಆರು ಬಗೆ. ಟೋ ಲೂಪ್, ಫ್ಲಿಪ್, ಲುಟ್ಸ್ ಮೂರರಲ್ಲಿ ಇನ್ನೊಂದು ಕಾಲಿನ ಅಲಗಿನ ಮುಂದಿನ ಹಲ್ಲನ್ನು ಐಸ್‌ಗೆ ಕುಕ್ಕಿ ಹಾರುತ್ತಾರೆ. ಸಾಲ್ಕೋ, ಲೂಪ್, ಆಕ್ಸೆಲ್ ಮೂರು ಬರಿಯ ಅಂಚಿನಿಂದ. ಸಾಲ್ಕೋ ಸ್ವೀಡನ್‌ನ ಉಲ್ರಿಕ್ ಸಾಲ್ಕೋ ಹೆಸರಿನದು, ಲುಟ್ಸ್ ಆಸ್ಟ್ರಿಯಾದ ಅಲೋಯಿಸ್ ಲುಟ್ಸ್‌ರದು, ಆಕ್ಸೆಲ್ 1882ರಲ್ಲಿ ಅದನ್ನು ಹಾರಿ ತೋರಿಸಿದ ನಾರ್ವೆಯ ಆಕ್ಸೆಲ್ ಪಾಲ್ಸನ್‌ರದು. ಆರನ್ನೂ ಒಂದೇ ದಿನದಲ್ಲಿ ಗುರುತಿಸಲು ಹೋಗಿ ತಲೆ ಕೆಡಿಸಿಕೊಳ್ಳಬೇಡಿ. ಮೊದಲ ದಿನ ಆಕ್ಸೆಲ್ ಒಂದೇ ಸಾಕು. ಅದೊಂದೇ ಮುಂದಕ್ಕೆ ಮುಖ ಮಾಡಿ ಹಾರುವ ಜಿಗಿತ, ಉಳಿದೆಲ್ಲವೂ ಹಿಮ್ಮುಖ. ಮುಂದಕ್ಕೆ ಹಾರಿ ಹಿಂದಕ್ಕೆ ಇಳಿಯಬೇಕಾದ್ದರಿಂದ ಅರ್ಧ ಸುತ್ತು ಹೆಚ್ಚು. ಡಬಲ್ ಆಕ್ಸೆಲ್ ಎಂದರೆ ಎರಡೂವರೆ ಸುತ್ತು. ಮಕ್ಕಳು ಈ ಡಬಲ್ ಆಕ್ಸೆಲ್ ಕೈವಶವಾಗಲು ತಿಂಗಳುಗಟ್ಟಲೆ, ಕೆಲವರು ವರ್ಷಗಟ್ಟಲೆ ಬೀಳುತ್ತಾರೆ. ಜೂನಿಯರ್ ಸ್ಪರ್ಧಿಯೊಬ್ಬರು ಅದನ್ನು ಹಗುರವಾಗಿ ಹಾರಿದಾಗ ಆ ಹಗುರದ ಹಿಂದೆ ಏನಿದೆ ಎಂಬುದು ಪಕ್ಕದಲ್ಲಿ ಕೂತ ಅವರ ತಾಯಿಗೆ ಗೊತ್ತಿರುತ್ತದೆ.

ಆಕ್ಸೆಲ್ ಕಣ್ಣಿಗೆ ಕುಳಿತ ಮೇಲೆ ಲುಟ್ಸ್ ನೋಡಿ. ಇದರ ಸೊಗಸೇ ವಿರೋಧದಲ್ಲಿ. ಬಹುತೇಕರು ಗಾಳಿಯಲ್ಲಿ ಎಡಕ್ಕೆ, ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತಾರೆ. ಲುಟ್ಸ್‌ಗೆ ಮುನ್ನ ಎಡಗಾಲಿನ ಹೊರ ಅಂಚಿನ ಮೇಲೆ ಹಿಮ್ಮುಖವಾಗಿ ಉದ್ದಕ್ಕೆ ಸಾಗುವ ದಾರಿ ಅದಕ್ಕೆ ತದ್ವಿರುದ್ಧವಾಗಿ ಬಾಗಿರುತ್ತದೆ. ಹೋಗುತ್ತಿರುವ ದಿಕ್ಕನ್ನು ಮುರಿದು ಇನ್ನೊಂದು ದಿಕ್ಕಿಗೆ ತಿರುಗಬೇಕು. ಅದಕ್ಕೇ ಆಕ್ಸೆಲ್ ಬಿಟ್ಟರೆ ಇದು ಅತಿ ಕಠಿಣ. ಕೊನೇ ಗಳಿಗೆಯಲ್ಲಿ ಪಾದ ಒಳ ಅಂಚಿಗೆ ಜಾರಿಬಿಟ್ಟರೆ ಅದು ಫ್ಲಿಪ್‌ನ ಅಂಚು, ಸ್ಕೇಟರ್ ಏನು ಮಾಡಿದರೆಂದು ಗುರುತಿಸುವ ತಾಂತ್ರಿಕ ತಂಡ ಅದನ್ನು ಹಿಡಿದು ಗುರುತು ಹಾಕುತ್ತದೆ. ಜೂನಿಯರ್ ಸ್ಪರ್ಧೆಗಳಲ್ಲಿ ಈ ತಪ್ಪು ಧಾರಾಳ.

ಇಳಿಯುವಾಗ ನೋಡಬೇಕಾದ್ದು ಇನ್ನೊಂದು. ಸರಿಯಾಗಿ ಇಳಿದವರು ಬಲಗಾಲಿನ ಹೊರ ಅಂಚಿನ ಮೇಲೆ ಹಿಮ್ಮುಖವಾಗಿ, ವೇಗ ತಗ್ಗದೆ ಹರಿದು ಹೋಗುತ್ತಾರೆ, ಇನ್ನೊಂದು ಕಾಲು ಹಿಂದಕ್ಕೆ ಚಾಚಿ ತೆರೆದುಕೊಳ್ಳುತ್ತದೆ. ಸುತ್ತು ಪೂರ್ತಿಯಾಗದೆ ಇಳಿದವರ ಅಲಗು ಐಸ್ ತಾಗಿದ ಮೇಲೂ ಸ್ವಲ್ಪ ತಿರುಗುತ್ತದೆ, ಮಂಜಿನ ಪುಡಿ ಹಾರುತ್ತದೆ, ವೇಗ ಸತ್ತುಹೋಗುತ್ತದೆ. ಪ್ರೇಕ್ಷಕರು ಬೀಳಲಿಲ್ಲವೆಂದು ಚಪ್ಪಾಳೆ ತಟ್ಟುತ್ತಿರುವಾಗಲೇ ತಾಂತ್ರಿಕ ತಂಡ ಮರುಪ್ರಸಾರ ನೋಡುತ್ತಿರುತ್ತದೆ. ಸ್ಪಿನ್‌ಗಳ ಬಗ್ಗೆ ಒಂದೇ ಸೂಚನೆ: ಸ್ಕೇಟರ್ ಹೊರಟ ಮೇಲೆ ಐಸ್ ಮೇಲಿನ ಗುರುತು ನೋಡಿ. ಒಂದೇ ಜಾಗದಲ್ಲಿ ಸಣ್ಣ ವೃತ್ತಗಳು ಉಳಿದಿದ್ದರೆ ಸ್ಪಿನ್ ಗಟ್ಟಿ, ಸರಪಳಿಯಂತೆ ಎಳೆದುಕೊಂಡು ಹೋಗಿದ್ದರೆ ಸಡಿಲ.

ಎರಡು ಕಾರ್ಯಕ್ರಮ, ಒಂದು ಮೊತ್ತ

ಜೂನಿಯರ್, ಸೀನಿಯರ್ ಒಂಟಿ ಸ್ಪರ್ಧೆಗಳಲ್ಲಿ ಪ್ರತಿಯೊಬ್ಬರೂ ಎರಡು ಸಲ ಐಸ್‌ಗೆ ಇಳಿಯುತ್ತಾರೆ. ಶಾರ್ಟ್ ಪ್ರೋಗ್ರಾಂ ಎರಡು ನಿಮಿಷ ನಲವತ್ತು ಸೆಕೆಂಡಿನದು, ಹತ್ತು ಸೆಕೆಂಡು ಆಚೀಚೆ ಆಗಬಹುದು. ಏಳು ಕಡ್ಡಾಯ ಅಂಶಗಳು: ಒಂದು ಆಕ್ಸೆಲ್, ಒಂದು ಒಂಟಿ ಜಿಗಿತ, ಒಂದು ಜೋಡಿ ಜಿಗಿತ, ಮೂರು ಸ್ಪಿನ್, ಒಂದು ಹೆಜ್ಜೆಗಳ ಸಾಲು. ಫ್ರೀ ಸ್ಕೇಟ್ ಇದಕ್ಕಿಂತ ಉದ್ದ, ಸೀನಿಯರ್‌ಗಳಿಗೆ ಸುಮಾರು ನಾಲ್ಕು ನಿಮಿಷ, ಜೂನಿಯರ್‌ಗಳಿಗೆ ಮೂರೂವರೆ. ಎರಡರ ಮೊತ್ತ ಹೆಚ್ಚಿದ್ದವರು ಗೆಲ್ಲುತ್ತಾರೆ. ಅಂತರರಾಷ್ಟ್ರೀಯ ಒಕ್ಕೂಟ ಈ ನಿಯಮಗಳನ್ನು ಆಗಾಗ ತಿದ್ದುತ್ತಿರುತ್ತದೆ, ಹೋಗುವ ಮುನ್ನ ಆ ಋತುವಿನ ಪಟ್ಟಿ ಒಮ್ಮೆ ನೋಡಿಕೊಳ್ಳಿ.

ನನಗೆ ಶಾರ್ಟ್ ಪ್ರೋಗ್ರಾಂ ಹೆಚ್ಚು ಇಷ್ಟ. ಅಲ್ಲಿ ತಪ್ಪಿಗೆ ಜಾಗವಿಲ್ಲ. ಜೋಡಿ ಜಿಗಿತದ ಮೊದಲನೆಯದರಲ್ಲೇ ತಪ್ಪಾಗಿ ಎರಡನೆಯದು ಹಾರಲಾಗದಿದ್ದರೆ, ಸ್ಕೇಟರ್ ಮುಂದೆ ಬರುವ ಒಂಟಿ ಜಿಗಿತಕ್ಕೆ ಅದನ್ನು ಅಂಟಿಸಿ ನಷ್ಟ ತುಂಬಿಕೊಳ್ಳಬೇಕು. ಸಂಗೀತ ಓಡುತ್ತಿರುವಾಗಲೇ, ತೀರ ಸಣ್ಣ ವಯಸ್ಸಿನವರು ಈ ಲೆಕ್ಕ ಹಾಕುತ್ತಾರೆ. ಇದನ್ನು ಗಮನಿಸಿ ಹಿಡಿದ ದಿನ ನಿಮಗೆ ಈ ಆಟ ನಿಜವಾಗಿ ಅರ್ಥವಾಗತೊಡಗಿದೆ.

ಇನ್ನು ಅಂಕದ ವಿಷಯ. 2002ರ ಸಾಲ್ಟ್ ಲೇಕ್ ಸಿಟಿ ಒಲಿಂಪಿಕ್ಸ್‌ನ ಜೋಡಿ ಸ್ಪರ್ಧೆಯಲ್ಲಿ ತೀರ್ಪಿನ ಹಗರಣವಾಗಿ ಎರಡು ಜೋಡಿಗಳಿಗೆ ಚಿನ್ನ ಕೊಡಬೇಕಾಯಿತು. ಆರಕ್ಕೆ ಆರು ಎಂಬ ಹಳೆಯ ಪದ್ಧತಿ ಅಲ್ಲಿಗೆ ಮರ್ಯಾದೆ ಕಳೆದುಕೊಂಡು, 2004ರಲ್ಲಿ ಈಗಿನ ಪದ್ಧತಿ ಬಂತು. ಇದರಲ್ಲಿ ಪ್ರತಿ ಅಂಶಕ್ಕೂ ಮೂಲಬೆಲೆ ಇದೆ. ತಾಂತ್ರಿಕ ತಂಡ ಸ್ಕೇಟರ್ ಏನು ಮಾಡಿದರು ಎಂದು ಗುರುತಿಸುತ್ತದೆ. ತೀರ್ಪುಗಾರರು ಅದನ್ನು ಎಷ್ಟು ಚೆನ್ನಾಗಿ ಮಾಡಿದರು ಎಂದು ಐದು ಕಡಿಮೆಯಿಂದ ಐದು ಹೆಚ್ಚಿನವರೆಗೆ ಅಂಕ ಕೊಡುತ್ತಾರೆ. ಒಂದೊಂದು ಅಂಕವೂ ಮೂಲಬೆಲೆಯ ಶೇ 10ರಷ್ಟು ಕೂಡುತ್ತದೆ ಅಥವಾ ಕಳೆಯುತ್ತದೆ. ಇದರ ಜೊತೆಗೆ ಕಾರ್ಯಕ್ರಮದ ರಚನೆ, ಪ್ರಸ್ತುತಿ, ಸ್ಕೇಟಿಂಗ್ ಕೌಶಲ ಎಂಬ ಮೂರಕ್ಕೆ ಬೇರೆ ಅಂಕ. 2022ರವರೆಗೆ ಇವು ಐದಿದ್ದವು.

ಬಿದ್ದವಳು ಮುಂದೆ ಹೋಗುವುದು ಹೇಗೆ ಎಂಬುದಕ್ಕೆ ಲೆಕ್ಕವನ್ನೇ ನೋಡೋಣ. ಟ್ರಿಪಲ್ ಲುಟ್ಸ್‌ನ ಮೂಲಬೆಲೆ 5.9. ಮೂರು ಸುತ್ತೂ ಪೂರೈಸಿ ಇಳಿಯುವಾಗ ಬಿದ್ದರೆ ತೀರ್ಪುಗಾರರು ಐದು ಕಡಿಮೆ ಕೊಡುತ್ತಾರೆ, ಅರ್ಧ ಹೋಗಿ 2.95 ಉಳಿಯುತ್ತದೆ. ಬಿದ್ದದ್ದಕ್ಕೆ ಬೇರೆಯಾಗಿ 1 ಕಳೆದರೆ ಕೈಗೆ 1.95. ಅದೇ ಜಾಗದಲ್ಲಿ ಹೆದರಿ ಎರಡೇ ಸುತ್ತು ತಿರುಗಿ ಚೆಂದವಾಗಿ ಇಳಿದರೆ ಡಬಲ್ ಲುಟ್ಸ್‌ಗೆ 2.1, ಜೊತೆಗೆ ಗುಣಮಟ್ಟದ ಅಂಕ. ಫ್ರೀ ಸ್ಕೇಟ್‌ನಲ್ಲಿ ಎರಡಕ್ಕೂ ಹೆಚ್ಚು ವ್ಯತ್ಯಾಸವಿಲ್ಲ. ಸೀನಿಯರ್ ಶಾರ್ಟ್ ಪ್ರೋಗ್ರಾಂನಲ್ಲಿ ಮಾತ್ರ ಕತೆಯೇ ಬೇರೆ. ಅಲ್ಲಿನ ಒಂಟಿ ಜಿಗಿತ ಕನಿಷ್ಠ ಟ್ರಿಪಲ್ ಆಗಿರಲೇಬೇಕು. ಎರಡೇ ಸುತ್ತಿಗೆ ಬಿಚ್ಚಿಕೊಂಡರೆ ಎಷ್ಟೇ ಚೆಂದವಾಗಿ ಇಳಿದರೂ ಸೊನ್ನೆ. ಬಿದ್ದವಳಿಗೆ 1.95, ನಿಂತವಳಿಗೆ ಏನೂ ಇಲ್ಲ. ಸುತ್ತು ಸ್ವಲ್ಪ ಕಡಿಮೆಯಾಗಿದ್ದರೆ ಮೂಲಬೆಲೆಯೇ ಶೇ 80ಕ್ಕೆ ಇಳಿಯುತ್ತದೆ, ಆಮೇಲೆ ಉಳಿದ ಕಡಿತ. ಕೊನೆಯ ಭಾಗದಲ್ಲಿ, ಕಾಲು ಸೋತ ಹೊತ್ತಿಗೆ ಹಾರಿದ ಜಿಗಿತಗಳಿಗೆ ಶೇ 10 ಹೆಚ್ಚುವರಿ ಉಂಟು. ಫ್ರೀ ಸ್ಕೇಟ್‌ನ ಅರ್ಧ ದಾಟಿದ ಮೇಲೆ ಕಷ್ಟದ ಜಿಗಿತ ಇಟ್ಟುಕೊಂಡವರನ್ನು ಗಮನಿಸಿ, ಅವರ ಧೈರ್ಯಕ್ಕೂ ತರಬೇತುದಾರರ ಲೆಕ್ಕಕ್ಕೂ ಅಲ್ಲಿ ಒಟ್ಟಿಗೇ ಪರೀಕ್ಷೆ.

ಮೇಜಿನ ಹಿಂದೆ ಕೋಟು ಹೊದ್ದು ದಿನವಿಡೀ ಚಳಿಯಲ್ಲಿ ಕೂತ ಆ ತೀರ್ಪುಗಾರರು ಸಂಬಳಕ್ಕೆ ಬಂದವರಲ್ಲ. ಅಮೆರಿಕದಲ್ಲಿ ಅವರು ಸ್ವಯಂಸೇವಕರು. ಅಂಕ ಕಡಿಮೆ ಬಂದಾಗ ಅವರನ್ನು ಬೈಯುವ ಬಾಯಿಗಳು ಇದನ್ನು ನೆನೆಯಬೇಕು.

ಮನೆಯವರ ಪಾಲು

ಈ ಆಟ ದುಬಾರಿ, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ಸೀನಿಯರ್ ಹಾದಿಯಲ್ಲಿರುವವರು ಬೂಟನ್ನೂ ಅಲಗನ್ನೂ ಬೇರೆ ಬೇರೆ ಕೊಳ್ಳುತ್ತಾರೆ, ಬೆಳೆಯುವ ಮಗುವಿನ ಪಾದಕ್ಕೆ ಅವು ಬೇಗ ಸಣ್ಣದಾಗುತ್ತವೆ. ರಿಂಕ್‌ನ ಹೊತ್ತಿಗೆ ಬೇರೆ ಹಣ, ತರಬೇತುದಾರರ ಪಾಠಕ್ಕೆ ಬೇರೆ, ನೃತ್ಯ ಸಂಯೋಜನೆಗೆ ಬೇರೆ. ಸೆಕ್ಷನಲ್ ದೂರದ ಊರಿನಲ್ಲಿದ್ದರೆ ತರಬೇತುದಾರರ ಪ್ರಯಾಣ ಖರ್ಚನ್ನೂ ಶಿಷ್ಯರು ಹಂಚಿಕೊಂಡು ಭರಿಸುತ್ತಾರೆ. ಮಗುವನ್ನು ಸೇರಿಸುವ ಮುನ್ನ ಇದನ್ನು ಮನೆಯಲ್ಲಿ ಕೂತು ಮಾತಾಡಿಕೊಳ್ಳಬೇಕು. ನೆರವೂ ಇದೆ. 1961ರ ಫೆಬ್ರುವರಿ 15ರಂದು ಪ್ರಾಗ್‌ನ ವಿಶ್ವ ಸ್ಪರ್ಧೆಗೆ ಹೊರಟಿದ್ದ ಅಮೆರಿಕದ ಇಡೀ ತಂಡ ಬ್ರಸೆಲ್ಸ್ ಬಳಿಯ ವಿಮಾನ ಅಪಘಾತದಲ್ಲಿ ತೀರಿಕೊಂಡಿತು. ಅವರ ನೆನಪಿಗೆ ಕಟ್ಟಿದ ಸ್ಮಾರಕ ನಿಧಿ ಇಂದಿಗೂ ಸ್ಕೇಟರ್‌ಗಳ ಓದಿಗೆ, ತರಬೇತಿಗೆ ಹಣ ಕೊಡುತ್ತದೆ. 2025ರ ಜನವರಿ 29ರಂದು ಅಂಥದೇ ಸಂಕಟ ಮತ್ತೆ ಬಂತು. ವಿಚಿಟಾದ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನ ಬೆನ್ನಿಗೆ ನಡೆದ ಎಳೆಯರ ತರಬೇತಿ ಶಿಬಿರ ಮುಗಿಸಿ ಮರಳುತ್ತಿದ್ದ ಮಕ್ಕಳು, ತಂದೆತಾಯಿಯರು, ತರಬೇತುದಾರರು ವಾಷಿಂಗ್ಟನ್ ಬಳಿ ವಿಮಾನ ದುರಂತದಲ್ಲಿ ಹೋದರು. ಈ ಲೋಕ ಚಿಕ್ಕದು, ಎಲ್ಲರೂ ಎಲ್ಲರಿಗೂ ಗೊತ್ತು. ಸ್ಪರ್ಧೆಗಳಲ್ಲಿ ಎದುರಾಳಿಯ ತಾಯಿಯೂ ನಿಮ್ಮ ಮಗುವಿಗೆ ಚಪ್ಪಾಳೆ ತಟ್ಟುವುದನ್ನು ಕಂಡರೆ ಅದು ತೋರಿಕೆಯದಲ್ಲ.

ಕರ್ನಾಟಕದಲ್ಲಿ ರೋಲರ್ ಸ್ಕೇಟಿಂಗ್ ಕಲಿಯುವ ಮಕ್ಕಳಿಗೂ ಫಿಗರ್ ಸ್ಕೇಟಿಂಗ್ ತೋರಿಸಿ. ಗಾಲಿಯ ಮೇಲಿನ ಕಲಾತ್ಮಕ ಸ್ಕೇಟಿಂಗ್‌ನಲ್ಲೂ ಆಕ್ಸೆಲ್, ಲುಟ್ಸ್, ಸಾಲ್ಕೋಗಳಿವೆ. ಅಂಚುಗಳ ಪಾಠ ಅಲ್ಲಿಗೂ ಸಲ್ಲುತ್ತದೆ. ಭಾರತೀಯ ನೃತ್ಯ ಐಸ್ ಮೇಲೆ ಹೇಗೆ ಕಾಣುತ್ತದೆ ಎಂಬ ಕುತೂಹಲವಿದ್ದವರು 2010ರ ವ್ಯಾಂಕೂವರ್ ಒಲಿಂಪಿಕ್ಸ್‌ನಲ್ಲಿ ಮೆರಿಲ್ ಡೇವಿಸ್ ಮತ್ತು ಚಾರ್ಲಿ ವೈಟ್ ಹಿಂದಿ ಸಿನಿಮಾ ಹಾಡುಗಳಿಗೆ ಮಾಡಿದ ಐಸ್ ಡಾನ್ಸ್ ಹುಡುಕಿ ನೋಡಬಹುದು.

ಸ್ಪರ್ಧೆ ಮುಗಿದ ಮೇಲೆ ಫಲಿತಾಂಶದ ಜೊತೆ ಪ್ರತಿಯೊಬ್ಬರ ಅಂಕಪಟ್ಟಿಯೂ ಪ್ರಕಟವಾಗುತ್ತದೆ. ಅದನ್ನು ಇಳಿಸಿಕೊಂಡು ಓದಿ. ಒಂದೊಂದು ಸಾಲಿನಲ್ಲಿ ಒಂದೊಂದು ಅಂಶ, ಅದರ ಮೂಲಬೆಲೆ, ಪ್ರತಿ ತೀರ್ಪುಗಾರರ ಅಂಕ. ಅಂಶದ ಪಕ್ಕದ ಬಾಣದ ತುದಿಯಂಥ ಗುರುತು ಸುತ್ತು ಕಡಿಮೆಯಾಯಿತೆಂದು, ಎರಡಿದ್ದರೆ ತೀರ ಕಡಿಮೆಯಾಯಿತೆಂದು ಹೇಳುತ್ತದೆ. ಆಶ್ಚರ್ಯಸೂಚಕ ಚಿಹ್ನೆ ಅಂಚು ಅಸ್ಪಷ್ಟ ಎಂಬುದಕ್ಕೆ, ನಕ್ಷತ್ರದ ಗುರುತು ಆ ಅಂಶಕ್ಕೆ ಬೆಲೆಯೇ ಸಿಗಲಿಲ್ಲ ಎಂಬುದಕ್ಕೆ. ನೀವು ಕಣ್ಣಿಂದ ನೋಡಿದ್ದನ್ನು ಇದರ ಜೊತೆ ಹೋಲಿಸಿದರೆ ಎರಡನೇ ದಿನದ ನೋಟ ಮೊದಲ ದಿನಕ್ಕಿಂತ ಚುರುಕಾಗುತ್ತದೆ. ನಿಮ್ಮ ಮನೆಯ ಮಗುವೇ ಸ್ಪರ್ಧಿಯಾಗಿದ್ದರೆ ಆ ಕಾಗದವನ್ನು ಕಾರಿನಲ್ಲಿ ಓದಿ ಹೇಳಬೇಡಿ. ಅದು ತರಬೇತುದಾರರ ಕೆಲಸ, ನಾಲ್ಕು ದಿನದ ಮೇಲೆ ಆಗಬೇಕಾದ ಕೆಲಸ. ಮಗುವಿಗೆ ಆ ಹೊತ್ತಿಗೆ ಬೇಕಿರುವುದು ಬಿಸಿ ಊಟ, ಒಣ ಕಾಲುಚೀಲ.

ಸೆಕ್ಷನಲ್‌ಗಳನ್ನು ನಡೆಸುವುದು ಸ್ಥಳೀಯ ಸ್ಕೇಟಿಂಗ್ ಕ್ಲಬ್‌ಗಳು, ಅವಕ್ಕೆ ಯಾವಾಗಲೂ ಕೈಗಳು ಸಾಲವು. ಬಾಗಿಲಲ್ಲಿ ಟಿಕೆಟ್ ನೋಡಲು, ತೀರ್ಪುಗಾರರಿಗೆ ಊಟ ಕಾಫಿ ಒದಗಿಸಲು, ಮುಂದಿನ ಗುಂಪಿನ ಮಕ್ಕಳನ್ನು ಸಾಲಾಗಿ ನಿಲ್ಲಿಸಲು, ಪದಕ ಹಿಡಿದು ನಿಲ್ಲಲು ಜನ ಬೇಕು. ಮಕ್ಕಳ ಹತ್ತಿರದ ಕೆಲಸಗಳಿಗೆ ಹಿನ್ನೆಲೆ ಪರಿಶೀಲನೆ ಕೇಳಬಹುದು, ಅದಕ್ಕೆ ಸಮಯ ಹಿಡಿಯುವುದರಿಂದ ಹೆಸರು ಕೊಡುವವರು ಬೇಸಿಗೆಯ ಕೊನೆಗೇ ಹತ್ತಿರದ ಕ್ಲಬ್‌ಗೆ ಬರೆಯುವುದು ಒಳ್ಳೆಯದು.